ಕಾರಿಗೆ ನಾಲ್ಕು ಸ್ಟಾರ್, ಸ್ಟೀರಿಂಗ್ ಕೆಟ್ಟಾಗ ಕಂಪನಿ ನಡ್ಕೊಂಡ ರೀತಿಗೆ ಒಂದೇ

ಮೊದ್ಲು ಕಾರಿನ ವಿಷ್ಯ ಮುಗಿಸ್ಬಿಡ್ತೀನಿ, ಅದ್ರಲ್ಲಿ ಹೆಚ್ಚು ಹೇಳೋಕೇನಿಲ್ಲ, ಕಾರು ಚೆನ್ನಾಗಿದೆ. ಸೀಟು ಆರಾಮ, ಹೈವೇಲಿ ನೂರರ ಮೇಲೂ ಅಲುಗಾಡಲ್ಲ, ಎಸಿ ಬೇಗ ತಣ್ಣಗೆ ಮಾಡುತ್ತೆ, ಮೈಲೇಜು ಅವ್ರು ಹೇಳಿದಷ್ಟು ಬರದಿದ್ರೂ ಬೇಜಾರಾಗೋವಷ್ಟು ಕಮ್ಮಿ ಇಲ್ಲ, ಹಿಂದಿನ ಸೀಟಲ್ಲಿ ಮೂರು ಜನ ದೊಡ್ಡೋರು ಕೂತ್ರೆ ಮಧ್ಯದವ್ರಿಗೆ ಸ್ವಲ್ಪ ಕಷ್ಟ, ಈ ಸೈಜಿನ ಎಲ್ಲಾ ಕಾರಲ್ಲೂ ಅದು ಇರೋದೇ. ಓಡ್ಸೋಕೆ ಇಷ್ಟ ಆಗೇ ತಗೊಂಡಿದ್ದು, ಈಗ್ಲೂ ಇಷ್ಟಾನೇ. ಆದ್ರೆ ಈ ರಿವ್ಯೂ ಬರೀತಿರೋದು ಅದ್ರಲ್ಲಿರೋ ಒಂದು ಪಾರ್ಟ್ ಕೆಟ್ಟಾಗ ಕಂಪನಿ ಹೇಗೆ ನಡ್ಕೊಳ್ತು ಅನ್ನೋದ್ರ ಬಗ್ಗೆ. ಕಂಪನಿ ಹೆಸ್ರು, ಡೀಲರ್ ಹೆಸ್ರು ಹಾಕ್ತಿಲ್ಲ, ಯಾಕಂದ್ರೆ ಬೇರೆ ಬೇರೆ ಬ್ರ್ಯಾಂಡ್ ಓಡ್ಸೋ ನನ್ನ ಸ್ನೇಹಿತರಿಗೂ ಹೆಚ್ಚುಕಮ್ಮಿ ಇದೇ ಉತ್ರ ಸಿಕ್ಕಿದೆ, ಒಂದು ಹೆಸ್ರು ಹಾಕಿದ್ರೆ ಓದೋರು ಓಹ್ ಆ ಕಂಪನಿನಾ ಅಂತ ಅಲ್ಲಿಗೇ ಬಿಟ್ಬಿಡ್ತಾರೆ. ಜೊತೆಗೆ ನಾನು ಕೆಲ್ಸ ಮಾಡೋದೂ ಕಾರಿನ ಪಾರ್ಟ್ಸ್ ತಯಾರಿಸೋ ಫ್ಯಾಕ್ಟರಿಯಲ್ಲೇ, ಕ್ವಾಲಿಟಿ ಡಿಪಾರ್ಟ್‌ಮೆಂಟು, ಹಾಗಾಗಿ ಈ ಜಗಳದ ಇನ್ನೊಂದು ಕಡೆ ದಿನಾ ನೋಡ್ತೀನಿ.

ಆಗಿದ್ದಿಷ್ಟು. ವಾರಂಟಿ ಇನ್ನೂ ಬೇಕಾದಷ್ಟು ಬಾಕಿ ಇತ್ತು. ಪಾರ್ಕಿಂಗಿಂದ ಹೊರಗೆ ತಿರುಗಿಸ್ತಿರುವಾಗ ಮೀಟರಲ್ಲಿ ಸ್ಟೀರಿಂಗ್ ಚಿಹ್ನೆ ಹತ್ಕೊಳ್ತು, ಆ ಕ್ಷಣಕ್ಕೇ ಪವರ್ ಅಸಿಸ್ಟ್ ಹೋಯ್ತು. ಈಗಿನ ಎಷ್ಟೋ ಕಾರಲ್ಲಿ ಸ್ಟೀರಿಂಗ್ ಹಗುರ ಇರೋದು ಕಾಲಂ (ಸ್ಟೀರಿಂಗ್ ವೀಲ್‌ನಿಂದ ಕೆಳಗೆ ಹೋಗೋ ಕಂಬ) ಮೇಲೆ ಕೂತಿರೋ ಒಂದು ಎಲೆಕ್ಟ್ರಿಕ್ ಮೋಟರಿಂದ. ನಾವು ವೀಲ್‌ನ ಎಷ್ಟು ಬಲ ಹಾಕಿ ತಿರುಗಿಸ್ತಿದೀವಿ ಅಂತ ಒಂದು ಟಾರ್ಕ್ ಸೆನ್ಸರ್ ಅಳೀತಾ ಇರುತ್ತೆ, ಅದನ್ನ ನೋಡ್ಕೊಂಡು ಇಸಿಯು, ಅಂದ್ರೆ ಸ್ಟೀರಿಂಗ್ ನೋಡ್ಕೊಳ್ಳೋ ಪುಟ್ಟ ಕಂಪ್ಯೂಟರ್, ಮೋಟರ್‌ಗೆ ಕರೆಂಟ್ ಕೊಡುತ್ತೆ. ಒಂದಕ್ಕೊಂದು ತಾಳೆ ನೋಡೋಕೆ ಅಂತ ಸೆನ್ಸರ್ ಒಳಗೆ ಎರಡು ಸಿಗ್ನಲ್ ಇರುತ್ತೆ, ಎರಡೂ ಬೇರೆ ಬೇರೆ ಹೇಳಿದ್ರೆ ಇಸಿಯು ಎರಡನ್ನೂ ನಂಬದೆ ಮೋಟರ್ ಆಫ್ ಮಾಡ್ಬಿಡುತ್ತೆ. ಅದು ಸರಿಯಾದ ಡಿಸೈನೇ, ತಪ್ಪು ದಿಕ್ಕಿಗೆ ಎಳೆಯೋದಕ್ಕಿಂತ ಸುಮ್ನಿರೋದು ವಾಸಿ. ಆದ್ರೆ ನಿಧಾನಕ್ಕೆ ತಿರುವಲ್ಲಿ ಹೋಗ್ತಿರುವಾಗ ಹೀಗಾದ್ರೆ ಎರಡೂ ಕೈಲಿ ಬಲ ಹಾಕಿ ಎಳೀಬೇಕಾಗುತ್ತೆ, ನನ್ನ ಜಾಗದಲ್ಲಿ ವಯಸ್ಸಾದವ್ರು ಯಾರಾದ್ರೂ ಇದ್ದು ಎದುರಿಂದ ಗಾಡಿ ಬಂದಿದ್ರೆ ಅಂತ ಯೋಚಿಸಿದ್ರೆ ಈಗ್ಲೂ ಭಯ ಆಗುತ್ತೆ.

ಸರ್ವಿಸ್ ಸೆಂಟರ್‌ನವರ ಮೇಲೆ ನಂಗೆ ಚೂರೂ ಕೋಪ ಇಲ್ಲ, ಇದನ್ನ ಒತ್ತಿ ಹೇಳ್ತೀನಿ. ಟೆಕ್ನಿಷಿಯನ್ ಸ್ಕ್ಯಾನರ್ ಹಾಕಿ ಕೋಡ್ ತೋರಿಸಿದ್ರು, ಸೆನ್ಸರ್ ಒಂದನ್ನೇ ಬಿಚ್ಚಿ ಹಾಕೋಕಾಗಲ್ಲ ಇಡೀ ಕಾಲಂ ಅಸೆಂಬ್ಲಿ ಬದಲಾಯಿಸ್ಬೇಕು ಅಂತ ಅರ್ಥ ಆಗೋ ಹಾಗೆ ವಿವರಿಸಿದ್ರು, ಇದೇ ಮಾಡೆಲ್ ಇನ್ನೂ ಕೆಲವು ಬಂದಿವೆ ಅನ್ನೋದನ್ನೂ ಮುಚ್ಚಿಡ್ಲಿಲ್ಲ. ಅವ್ರಿಗೆ ಐದು ಸ್ಟಾರ್ ಕೊಟ್ರೂ ಸಾಲದು. ತೊಂದ್ರೆ ಶುರುವಾಗಿದ್ದು ಕ್ಲೈಮ್ ಕಂಪನಿಗೆ ಹೋದ್ಮೇಲೆ. ಹೋಲ್ಡಲ್ಲಿದೆ ಅಂದ್ರು. ಯಾಕೆ ಅಂದ್ರೆ ಮೊದ್ಲು ಪಾರ್ಟ್ ಸ್ಟಾಕಿಲ್ಲ ಅಂದ್ರು, ಆಮೇಲೆ ಕಸ್ಟಮರ್ ಕೇರ್‌ನಿಂದ ಬಂದ ಮಾತು ಇದು: "ಸರ್, ಸ್ಟೀರಿಂಗ್ ಯೂನಿಟ್ ನಾವು ಮಾಡೋದಲ್ಲ, ಅದು ಸಪ್ಲೈಯರ್‌ದು. ಅವ್ರ ರಿಪೋರ್ಟ್ ಬಂದ್ಮೇಲೆ ಕ್ಲೈಮ್ ಅಪ್ರೂವ್ ಆಗುತ್ತೆ, ಅಲ್ಲೀವರೆಗೂ ದಯವಿಟ್ಟು ಕಾಯಿರಿ." ಫೋನ್ ಮಾಡಿದಾಗೆಲ್ಲ ಬೇರೆಯವ್ರು ಎತ್ಕೊಳ್ತಿದ್ರು, ಉತ್ರ ಮಾತ್ರ ಇದೇ.

ಈ ಮಾತು ನಂಗೆ ಸ್ಟೀರಿಂಗ್ ಕೆಟ್ಟಿದ್ದಕ್ಕಿಂತ ಜಾಸ್ತಿ ಕೋಪ ತರಿಸ್ತು. ಮನೆ ಸೋರ್ತಿದೆ ಅಂತ ಮೇಸ್ತ್ರಿನ ಕರೆದ್ರೆ ಸಿಮೆಂಟ್ ಕಂಪನಿಯವ್ರು ಬಂದು ನೋಡ್ಲಿ ತಡೀರಿ ಅಂದ ಹಾಗಾಯ್ತು. ನಾನು ಆ ಸಪ್ಲೈಯರ್ ಹತ್ರ ಏನೂ ಕೊಂಡಿಲ್ಲ, ಅವ್ರು ಯಾರು ಅಂತ ಬ್ರೋಷರಲ್ಲಿ ಇರ್ಲಿಲ್ಲ, ಟೆಸ್ಟ್ ಡ್ರೈವ್ ಟೈಮಲ್ಲಿ ಯಾರೂ ಹೇಳ್ಲಿಲ್ಲ, ವಾರಂಟಿ ಪುಸ್ತಕದಲ್ಲಿ ಸೀಲ್ ಬಿದ್ದಿರೋದು ಕಾರ್ ಕಂಪನಿದು. ಒಂದು ಕಾರಲ್ಲಿ ಸಣ್ಣ ಸ್ಕ್ರೂ ಎಲ್ಲಾ ಸೇರಿಸಿ ಸುಮಾರು ಮೂವತ್ತು ಸಾವಿರ ಬಿಡಿಭಾಗ ಇರುತ್ವೆ ಅಂತಾರೆ, ಅದ್ರಲ್ಲಿ ಬಹುಪಾಲು ಹೊರಗಿಂದ ಬರೋದೇ. ಹೊರಗಿಂದ ಬಂದಿದ್ದಕ್ಕೆಲ್ಲ ಹೊರಗಿನವ್ರು ಜವಾಬ್ದಾರಿ ಅನ್ನೋದಾದ್ರೆ ಕಾರ್ ಕಂಪನಿ ವಾರಂಟಿ ಕೊಡೋದು ಯಾವುದಕ್ಕೆ?

ಈ ಪ್ರಶ್ನೆ ಹೊಸದಲ್ಲ ಅನ್ನೋದು ಹೆಚ್ಚು ಜನಕ್ಕೆ ಗೊತ್ತಿಲ್ಲ, ನೂರು ವರ್ಷ ದಾಟಿದೆ. ಅಮೆರಿಕದಲ್ಲಿ ಮ್ಯಾಕ್‌ಫರ್ಸನ್ ಅನ್ನೋರು ಬ್ಯೂಕ್ ಕಾರ್ ತಗೊಂಡಿದ್ರು, ಆಗ ಚಕ್ರದ ಕಡ್ಡಿಗಳೆಲ್ಲ ಮರದವು, ಓಡಿಸ್ತಿರುವಾಗ ಅವು ಪುಡಿಯಾಗಿ ಕಾರು ಬಿದ್ದು ಅವ್ರಿಗೆ ಪೆಟ್ಟಾಯ್ತು. ಬ್ಯೂಕ್ ಕಂಪನಿ ಕೋರ್ಟಲ್ಲಿ ಹೇಳಿದ್ದು ಎರಡು ಮಾತು, ಚಕ್ರ ನಾವು ಮಾಡಿದ್ದಲ್ಲ ಒಳ್ಳೇ ಹೆಸ್ರಿರೋ ಬೇರೆ ಕಂಪನಿಯಿಂದ ತರಿಸಿದ್ದು, ಮತ್ತೆ ಕಾರು ನೀವು ತಗೊಂಡಿದ್ದು ಡೀಲರ್ ಹತ್ರ ನಮಗೂ ನಿಮಗೂ ಒಪ್ಪಂದನೇ ಇಲ್ಲ. 1916ರಲ್ಲಿ ನ್ಯೂಯಾರ್ಕ್‌ನ ಮೇಲ್ಮನವಿ ಕೋರ್ಟಲ್ಲಿ ಜಡ್ಜ್ ಕಾರ್ಡೋಜೊ ಇವೆರಡನ್ನೂ ಒಪ್ಪಲಿಲ್ಲ, ಪೂರ್ತಿ ಕಾರನ್ನ ಮಾರ್ಕೆಟ್ಟಿಗೆ ಬಿಡೋರು ಅದ್ರೊಳಗಿನ ಪಾರ್ಟ್‌ಗಳನ್ನ ಸಾಮಾನ್ಯ ಪರೀಕ್ಷೆನಾದ್ರೂ ಮಾಡದೆ ಬಿಡೋ ಹಾಗಿಲ್ಲ, ಸರಿಯಾಗಿ ನೋಡಿದ್ರೆ ಆ ದೋಷ ಗೊತ್ತಾಗ್ತಿತ್ತು, ಹಾಗಾಗಿ ಹೊಣೆ ಬ್ಯೂಕ್‌ದೇ ಅಂದ್ರು. 1964ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಫೋರ್ಡ್ ಕೇಸಲ್ಲಿ ಇನ್ನೂ ಬಿಗಿಯಾಗಿ ಹೇಳ್ತು, ದೋಷ ಸಪ್ಲೈಯರ್ ಕೊಟ್ಟ ಪಾರ್ಟಲ್ಲಿದೆ ಅಂತ ತೋರಿಸಿ ಕಾರ್ ಕಂಪನಿ ತಪ್ಪಿಸ್ಕೊಳ್ಳೋಕಾಗಲ್ಲ ಅಂತ. ಯುರೋಪಿನ 1985ರ ನಿಯಮದಲ್ಲಿ ಕಾರ್ ಮಾಡಿದವ್ರು, ಪಾರ್ಟ್ ಮಾಡಿದವ್ರು ಇಬ್ರೂ ಜೊತೆಯಾಗಿ ಹೊಣೆ, ನಷ್ಟ ಆದವ್ರು ಯಾರ ಹತ್ರ ಬೇಕಾದ್ರೂ ಪೂರ್ತಿ ಪರಿಹಾರ ಕೇಳ್ಬೋದು, ಅವರವರ ಪಾಲು ಎಷ್ಟು ಅನ್ನೋದನ್ನ ಅವ್ರವ್ರೇ ಆಮೇಲೆ ಬಗೆಹರಿಸ್ಕೊಳ್ಳಲಿ. ಅದ್ರಲ್ಲಿ ಪಾರ್ಟ್ ಮಾಡಿದವ್ರಿಗೆ ಒಂದು ವಿನಾಯಿತಿನೂ ಇದೆ, ದೋಷ ಬಂದಿದ್ದು ಕಾರಿನ ಡಿಸೈನಿಂದ ಅಥ್ವಾ ಕಾರ್ ಕಂಪನಿ ಕೊಟ್ಟ ಸೂಚನೆಯಿಂದ ಅಂತ ಸಾಬೀತು ಮಾಡಿದ್ರೆ ಅವ್ರು ಬಚಾವ್. ಇದು ನ್ಯಾಯವಾದ ವಿನಾಯಿತಿ ಅಂತ ನನ್ನ ಅಭಿಪ್ರಾಯ, ಯಾಕೆ ಅಂತ ಹೇಳ್ತೀನಿ.

ನಮ್ಮಂಥ ಫ್ಯಾಕ್ಟರಿಗಳಿಗೆ ಬರೋ ಕೆಲ್ಸದಲ್ಲಿ ಎರಡು ಥರ. ಒಂದು, ಕಾರ್ ಕಂಪನಿನೇ ಡ್ರಾಯಿಂಗ್ ಕೊಡುತ್ತೆ, ಮೆಟೀರಿಯಲ್ ಇದು, ಅಳತೆ ಇದು, ಟಾಲರೆನ್ಸ್ (ಅಳತೆ ಆಚೀಚೆ ಆಗಬಹುದಾದ ಮಿತಿ) ಇಷ್ಟು, ನಾವು ಅದೇ ಥರ ಮಾಡಿ ಕೊಡ್ಬೇಕು ಅಷ್ಟೇ. ಇನ್ನೊಂದು, ಅವ್ರು ಬರೀ ಜಾಗ ಎಷ್ಟಿದೆ, ಏನು ಕೆಲ್ಸ ಮಾಡ್ಬೇಕು, ಎಷ್ಟು ವರ್ಷ ಬಾಳ್ಬೇಕು ಅಂತ ಹೇಳ್ತಾರೆ, ಒಳಗಿನ ಡಿಸೈನ್ ಸಪ್ಲೈಯರ್‌ದೇ. ಸ್ಟೀರಿಂಗ್, ಬ್ರೇಕು, ಏರ್‌ಬ್ಯಾಗ್ ಎಲ್ಲ ಹೆಚ್ಚಾಗಿ ಎರಡನೇ ಥರ. ಇದ್ರ ಮಧ್ಯದಲ್ಲಿ ಮೂರನೇದೊಂದಿದೆ, ಹೊರಗಿನವ್ರಿಗೆ ಗೊತ್ತೇ ಆಗಲ್ಲ, ಕಾರ್ ಕಂಪನಿ ಸಪ್ಲೈಯರ್‌ಗೆ ನಿಮ್ಮ ಯೂನಿಟ್ ಒಳಗಿನ ಈ ಕನೆಕ್ಟರ್ ಇಂಥವ್ರ ಹತ್ರಾನೇ ತಗೊಳ್ಳಿ ಅಂತ ಕಟ್ಟುನಿಟ್ಟಾಗಿ ಹೇಳುತ್ತೆ. ರೇಟ್ ಮಾತಾಡಿರೋದು ಅವ್ರೇ, ಆಯ್ಕೆ ಮಾಡಿರೋದು ಅವ್ರೇ, ಅದು ಕೆಟ್ಟಾಗ ಡೆಬಿಟ್ ನೋಟ್, ಅಂದ್ರೆ ನಷ್ಟ ಕಟ್ಟಿ ಅನ್ನೋ ಚೀಟಿ, ಮಾತ್ರ ನಮ್ಮ ಹೆಸ್ರಿಗೆ. ಇದ್ರ ಮೇಲೆ ಪ್ರತಿ ವರ್ಷ ರೇಟ್ ಇಳಿಸಿ ಅನ್ನೋ ಒತ್ತಡ, ಪಾರ್ಟ್ ಒಂದೇ, ಸ್ಟೀಲ್ ರೇಟ್ ಏರಿರುತ್ತೆ, ಆದ್ರೂ ಹೋದ ವರ್ಷಕ್ಕಿಂತ ಕಮ್ಮಿಗೆ ಕೊಡ್ಬೇಕು. ಆ ಕಮ್ಮಿ ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳಲ್ಲ.

ಮತ್ತೆ ಯಾವ ಪಾರ್ಟೂ ಕಾರ್ ಕಂಪನಿ ಒಪ್ಪಿಗೆ ಇಲ್ದೆ ಲೈನಿಗೆ ಹೋಗಲ್ಲ. ಪಿಪಿಎಪಿ ಅಂತ ಒಂದು ಫೈಲ್ ಕೊಡ್ಬೇಕು, ಅದ್ರಲ್ಲಿ ಅಳತೆ ರಿಪೋರ್ಟ್, ಮೆಟೀರಿಯಲ್ ಟೆಸ್ಟ್, ಯಾವ ಯಾವ ರೀತಿ ಕೆಡಬಹುದು ಅನ್ನೋ ಪಟ್ಟಿ, ಕಂಟ್ರೋಲ್ ಪ್ಲಾನ್, ಸ್ಯಾಂಪಲ್ ಪಾರ್ಟ್ ಎಲ್ಲ ಇರುತ್ತೆ. ಅವ್ರ ಇಂಜಿನಿಯರ್ ನೋಡಿ ಸಹಿ ಹಾಕಿದ್ಮೇಲೇನೇ ಸಪ್ಲೈ ಶುರು. ಅಂದ್ರೆ ಪಾರ್ಟ್ ಮಾಡಿದ ಕೈ ಒಂದಾದ್ರೆ ಓಕೆ ಅಂದ ಕೈ ಇನ್ನೊಂದು. ಕಸ್ಟಮರ್ ಕೇರ್‌ನವ್ರು ಅದು ನಮ್ದಲ್ಲ ಅಂದಾಗ ನಂಗೆ ನೆನಪಾಗಿದ್ದು ಈ ಸಹಿನೇ.

ಈ ಸಹಿಯ ಕಥೆ ಗೊತ್ತಾಗ್ಬೇಕು ಅಂದ್ರೆ ಜನರಲ್ ಮೋಟರ್ಸ್ ಇಗ್ನಿಷನ್ ಸ್ವಿಚ್ ಕೇಸ್ ನೋಡ್ಬೇಕು, ನಮ್ಮ ಕ್ವಾಲಿಟಿ ಕೆಲ್ಸದವ್ರು ಎಲ್ರೂ ಓದಬೇಕಾದ ಕೇಸ್ ಅದು. ಸ್ವಿಚ್ ಮಾಡ್ತಿದ್ದಿದ್ದು ಡೆಲ್ಫಿ ಅನ್ನೋ ಸಪ್ಲೈಯರ್ ಕಂಪನಿ. ಕೀ ತಿರುಗಿಸೋಕೆ ಇರ್ಬೇಕಾದ ಬಿಗಿ ಕಮ್ಮಿ ಇತ್ತು, ಹಾಗಾಗಿ ಕೀ ಗೊಂಚಲು ಭಾರ ಇದ್ರೆ ಅಥ್ವಾ ಕಾರು ಕುಲುಕಿದ್ರೆ ಓಡ್ತಿರುವಾಗ್ಲೇ ಕೀ ಹಿಂದಕ್ಕೆ ಜಾರಿ ಇಂಜಿನ್ ಆಫ್ ಆಗೋದು, ಪವರ್ ಸ್ಟೀರಿಂಗ್ ಹೋಗೋದು, ಡಿಕ್ಕಿ ಆದ್ರೆ ಏರ್‌ಬ್ಯಾಗೂ ಬಿಚ್ಕೊಳ್ತಿರ್ಲಿಲ್ಲ. ಬಿಗಿ ಸ್ಪೆಸಿಫಿಕೇಶನ್‌ಗಿಂತ ಕಮ್ಮಿ ಇದ್ರೂ 2002ರಲ್ಲಿ ಜಿಎಂ ಅಪ್ರೂವ್ ಮಾಡಿತ್ತು ಅಂತ ಡೆಲ್ಫಿಯವ್ರು ಅಮೆರಿಕದ ಸಂಸತ್ತಿನ ತನಿಖೆಯಲ್ಲಿ ಹೇಳಿದ್ರು. 2006ರಲ್ಲಿ ಸ್ವಿಚ್ಚನ್ನ ಸದ್ದಿಲ್ದೆ ಸರಿ ಮಾಡಿದ್ರು, ಆದ್ರೆ ಪಾರ್ಟ್ ನಂಬರ್ ಬದಲಾಯಿಸ್ಲಿಲ್ಲ. ಇದೊಂದೇ ಕಾರಣಕ್ಕೆ ಆಮೇಲೆ ಹಳೇ ಕಾರಿಗೂ ಹೊಸ ಕಾರಿಗೂ ಯಾಕೆ ವ್ಯತ್ಯಾಸ ಬರ್ತಿದೆ ಅಂತ ತನಿಖೆ ಮಾಡೋರಿಗೇ ವರ್ಷಗಟ್ಟಲೆ ಗೊತ್ತಾಗ್ಲಿಲ್ಲ, ಎರಡೂ ಒಂದೇ ಪಾರ್ಟ್ ಅಂದ್ಕೊಂಡಿದ್ರು. ರೀಕಾಲ್, ಅಂದ್ರೆ ಕಾರು ವಾಪಸ್ ಕರೆಸಿ ಪುಕ್ಕಟೆ ಸರಿ ಮಾಡಿಕೊಡೋದು, ಆಗಿದ್ದು 2014ರಲ್ಲಿ, 26 ಲಕ್ಷ ಕಾರು. ಪರಿಹಾರ ನಿಧಿ ಒಪ್ಕೊಂಡ ಸಾವುಗಳೇ 124. ಮರು ವರ್ಷ ಜಿಎಂ 90 ಕೋಟಿ ಡಾಲರ್ ಕಟ್ಟಿ ಕ್ರಿಮಿನಲ್ ಕೇಸನ್ನ ಇತ್ಯರ್ಥ ಮಾಡ್ಕೊಳ್ತು. ಇಲ್ಲಿ ಸಪ್ಲೈಯರ್ ಮಾಡಿದ್ದು ಕೆಟ್ಟ ಸ್ವಿಚ್, ಆದ್ರೆ ಜನ ಸತ್ತಿದ್ದು ಬರೀ ಸ್ವಿಚ್ಚಿಂದ ಅಲ್ಲ, ಗೊತ್ತಾದ್ಮೇಲೂ ಒಳಗೊಳಗೇ ಇಟ್ಕೊಂಡಿದ್ರಿಂದ.

ಪಾರ್ಟ್ ವಾಪಸ್ ಬಂದ್ಮೇಲೆ ಒಳಗೆ ಏನಾಗುತ್ತೆ ಅಂತ ಹೇಳಿದ್ರೆ ನಿಮ್ಮ ಕ್ಲೈಮ್ ಯಾಕೆ ಹೋಲ್ಡಲ್ಲಿರುತ್ತೆ ಅನ್ನೋದೂ ಅರ್ಥ ಆಗುತ್ತೆ. ಕೆಟ್ಟ ಪಾರ್ಟ್ ಸಪ್ಲೈಯರ್ ಲ್ಯಾಬಿಗೆ ಬರುತ್ತೆ, ಬೆಂಚ್ ಮೇಲೆ ಹಾಕಿ ಟೆಸ್ಟ್ ಮಾಡ್ತಾರೆ, ಎಷ್ಟೋ ಸಲ ಅಲ್ಲಿ ಸರಿಯಾಗೇ ಕೆಲ್ಸ ಮಾಡುತ್ತೆ. ಯಾಕಂದ್ರೆ ಬೆಂಚಲ್ಲಿ ಬಿಸಿಲಿಲ್ಲ, ನೀರಿಲ್ಲ, ಕುಲುಕಾಟ ಇಲ್ಲ. ಫಾಲ್ಟ್ ಸಿಗ್ಲಿಲ್ಲ ಅಂತ ರಿಪೋರ್ಟ್ ಹೋಗುತ್ತೆ, ಕಾರ್ ಕಂಪನಿ ಒಪ್ಪಲ್ಲ, ನಿಮ್ಮ ಸೆನ್ಸರ್ ಅಂತ ಅವ್ರು, ನಿಮ್ಮ ವೈರಿಂಗ್ ಅಂತ ಇವ್ರು. ಆಮೇಲೆ ಮೀಟಿಂಗು, ಮೂಲ ಕಾರಣ ಹುಡುಕೋ ಎಂಟು ಹಂತದ ಎಯ್ಟ್ ಡಿ ರಿಪೋರ್ಟು, ಕೊನೆಗೆ ಒಂದು ಶೇಕಡಾವಾರು ಲೆಕ್ಕದಲ್ಲಿ ಖರ್ಚು ಹಂಚ್ಕೊಳ್ಳೋ ಒಪ್ಪಂದ. ಜರ್ಮನ್ ಕಂಪನಿಗಳಲ್ಲಂತೂ ಎಲ್ಲಾ ಪಾರ್ಟ್ ತರಿಸಿ ನೋಡಲ್ಲ, ಆಯ್ದ ಮಾರ್ಕೆಟ್‌ಗಳಿಂದ ಬಂದಿದ್ದನ್ನ ನೋಡಿ ಇಷ್ಟು ಭಾಗ ಸಪ್ಲೈಯರ್ ತಪ್ಪು ಅಂತ ತೀರ್ಮಾನಿಸಿ ಅದನ್ನೇ ಉಳಿದ ದೇಶಗಳಿಗೂ ಹಚ್ತಾರೆ. ಇದೆಲ್ಲ ನಡೀಲಿ, ನಡೀಬೇಕು ಕೂಡ, ಮೂಲ ಕಾರಣ ಗೊತ್ತಾಗ್ದೆ ಹೊಸ ಪಾರ್ಟ್ ಹಾಕಿದ್ರೆ ಅದೂ ಕೆಡುತ್ತೆ. ಆದ್ರೆ ಈ ಲೆಕ್ಕಾಚಾರ ಮುಗಿಯೋವರೆಗೂ ಕಾರಿನ ಮಾಲೀಕ ಯಾಕೆ ಬಸ್ಸಲ್ಲಿ ಓಡಾಡ್ಬೇಕು?

ಜಗಳ ಬೀದಿಗೆ ಬಂದ್ರೆ ಹೇಗಿರುತ್ತೆ ಅನ್ನೋದಕ್ಕೆ ಫೋರ್ಡ್, ಫೈರ್‌ಸ್ಟೋನ್ ಸಾಕು. 2000ದ ಆಗಸ್ಟಲ್ಲಿ 65 ಲಕ್ಷ ಟೈರ್ ರೀಕಾಲ್, ಹೆಚ್ಚಾಗಿ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದ್ದು, ಓಡ್ತಿರುವಾಗ ಟೈರಿನ ಮೇಲ್ಪದರ ಕಿತ್ಕೊಂಡು ಗಾಡಿ ಪಲ್ಟಿ ಆಗ್ತಿತ್ತು. ಟೈರ್ ಸರಿ ಇಲ್ಲ ಅಂತ ಫೋರ್ಡ್, ಗಾಡಿನೇ ಪಲ್ಟಿ ಆಗೋ ಥರ ಇದೆ, ಜೊತೆಗೆ 26 ಪಿಎಸ್‌ಐ ಗಾಳಿ ಸಾಕು ಅಂತ ಹೇಳಿದ್ದೂ ನೀವೇ ಅಂತ ಫೈರ್‌ಸ್ಟೋನ್. 2001ರ ಮೇನಲ್ಲಿ ಫೈರ್‌ಸ್ಟೋನೇ ಸಂಬಂಧ ಕಡ್ಕೊಳ್ತು, ಹೆಚ್ಚುಕಮ್ಮಿ ನೂರು ವರ್ಷದ ವ್ಯಾಪಾರ, ಎರಡು ಮನೆತನದ ಮಧ್ಯೆ ಮದುವೆ ಸಂಬಂಧ ಬೇರೆ ಇತ್ತು. ಮರುದಿನ ಫೋರ್ಡ್ ಇನ್ನೂ 1.3 ಕೋಟಿ ಟೈರ್ ಬದಲಾಯಿಸ್ತೀವಿ ಅಂತು. ದುಡ್ಡಿನ ಲೆಕ್ಕ ಮುಗಿದಿದ್ದು 2005ರಲ್ಲಿ, ಫೈರ್‌ಸ್ಟೋನ್‌ನ ಮಾಲೀಕ ಕಂಪನಿ ಬ್ರಿಜ್‌ಸ್ಟೋನ್ ಫೋರ್ಡ್‌ಗೆ 24 ಕೋಟಿ ಡಾಲರ್ ಕೊಡ್ತು. ಈ ಗಲಾಟೆಯಿಂದ ಒಂದು ಒಳ್ಳೇದಾಯ್ತು, 2000ದಲ್ಲೇ ಅಮೆರಿಕದಲ್ಲಿ ಹೊಸ ಕಾನೂನು ಬಂತು, ಸಾವು ನೋವಿನ ಕ್ಲೈಮ್ ಬಂದ್ರೆ ಕಾರ್ ಕಂಪನಿ ಮಾತ್ರ ಅಲ್ಲ ಪಾರ್ಟ್ ಕಂಪನಿನೂ ಸರ್ಕಾರಕ್ಕೆ ಮೊದ್ಲೇ ತಿಳಿಸ್ಬೇಕು ಅಂತ.

ಸರಿಯಾಗಿ ಮಾಡಿದ್ದೂ ಇದೆ. 2021ರಲ್ಲಿ ಜಿಎಂ ತನ್ನ ಬೋಲ್ಟ್ ಎಲೆಕ್ಟ್ರಿಕ್ ಕಾರುಗಳನ್ನೆಲ್ಲ ರೀಕಾಲ್ ಮಾಡ್ತು, ಬ್ಯಾಟರಿ ಎಲ್‌ಜಿದು, ಸೆಲ್ ಒಳಗೆ ಆನೋಡ್ ಟ್ಯಾಬ್ (ಕರೆಂಟ್ ಸಾಗಿಸೋ ಲೋಹದ ಪಟ್ಟಿ) ಹರಿದಿರೋದು, ಸೆಪರೇಟರ್ (ಎರಡು ಧ್ರುವ ಒಂದಕ್ಕೊಂದು ತಾಗದ ಹಾಗೆ ಇರೋ ತೆಳು ಹಾಳೆ) ಮಡಚ್ಕೊಂಡಿರೋದು ಎರಡೂ ಒಂದೇ ಸೆಲ್ಲಲ್ಲಿ ಸೇರಿದ್ರೆ ಬೆಂಕಿ ಹತ್ಕೊಳ್ಳೋ ಅಪಾಯ. ಆಗಸ್ಟಲ್ಲಿ ಎಲ್ಲಾ ಕಾರಿಗೂ ರೀಕಾಲ್ ಅಂದ್ರು, ಖರ್ಚು ಯಾರದ್ದು ಅನ್ನೋದು ತೀರ್ಮಾನ ಆಗಿದ್ದು ಅಕ್ಟೋಬರಲ್ಲಿ, 200 ಕೋಟಿ ಡಾಲರಲ್ಲಿ 190 ಕೋಟಿವರೆಗೂ ಎಲ್‌ಜಿ ಕೊಡೋಕೆ ಒಪ್ಕೊಳ್ತು. ಕ್ರಮ ನೋಡಿ, ಮೊದ್ಲು ಮಾಲೀಕರಿಗೆ ಮಾತು, ಆಮೇಲೆ ಎಲ್‌ಜಿ ಜೊತೆ ಲೆಕ್ಕ. ಅಲ್ಲೀವರೆಗೆ ಮಾಲೀಕರು ಪಟ್ಟ ಪಾಡು ಸಣ್ಣದಲ್ಲ, 90 ಪರ್ಸೆಂಟಿಗಿಂತ ಹೆಚ್ಚು ಚಾರ್ಜ್ ಮಾಡ್ಬೇಡಿ, ಮನೆಯಿಂದ ಹೊರಗೆ ನಿಲ್ಸಿ ಅಂತೆಲ್ಲ ಹೇಳಿದ್ರು, ಅದೂ ನಿಜ. ಆದ್ರೂ ಎಲ್‌ಜಿ ರಿಪೋರ್ಟ್ ಬರ್ಲಿ ಆಮೇಲೆ ನೋಡೋಣ ಅನ್ನಲಿಲ್ಲ, ನಂಗೆ ಅದು ಮುಖ್ಯ. 2024ರಲ್ಲಿ ಬಿಎಂಡಬ್ಲ್ಯು ಕೂಡ ಕಾಂಟಿನೆಂಟಲ್ ಮಾಡಿದ ಬ್ರೇಕ್ ಸಿಸ್ಟಮ್‌ಗೆ ಸುಮಾರು 15 ಲಕ್ಷ ಕಾರಿನ ವಿಷ್ಯದಲ್ಲಿ ತಾನೇ ಮುಂದೆ ಬಂದು ಹೇಳ್ತು, ಎರಡೂ ಕಂಪನಿ ಶೇರು ಅವತ್ತೇ ಬಿದ್ದುವು, ಕೊನೆಗೆ ಬದಲಾಯಿಸ್ಬೇಕಾಗಿ ಬರೋದು ಅದ್ರಲ್ಲಿ ಸಣ್ಣ ಭಾಗ ಮಾತ್ರ ಅಂತ ಕಾಂಟಿನೆಂಟಲ್ ಹೇಳಿದ್ರೂ.

ನಮ್ಮ ಕಡೆಯವ್ರು, ಅಂದ್ರೆ ಪಾರ್ಟ್ ಮಾಡೋ ಸಪ್ಲೈಯರ್‌ಗಳು, ಹಾಲಲ್ಲಿ ತೊಳೆದವ್ರು ಅಂತ ನಾನು ಹೇಳ್ತಿಲ್ಲ. ಜಪಾನಿನ ಟಕಾಟಾ ಕಂಪನಿ ಏರ್‌ಬ್ಯಾಗ್ ನೆನಪಿರ್ಬೇಕಲ್ಲ. ಏರ್‌ಬ್ಯಾಗ್ ಉಬ್ಬಿಸೋ ಇನ್‌ಫ್ಲೇಟರ್ ಒಳಗೆ ಗ್ಯಾಸ್ ಹುಟ್ಟಿಸೋಕೆ ಅಮೋನಿಯಂ ನೈಟ್ರೇಟ್, ತೇವ ಹೀರೋ ಪದಾರ್ಥ ಹಾಕಿರ್ಲಿಲ್ಲ, ವರ್ಷಗಟ್ಟಲೆ ಸೆಖೆ, ತೇವ ತಿಂದು ಅದ್ರ ಗುಣ ಬದಲಾಗಿ ಉಬ್ಬಬೇಕಾದಾಗ ಸಿಡೀತಿತ್ತು, ಲೋಹದ ಚೂರು ಒಳಗಿದ್ದವ್ರ ಕತ್ತಿಗೆ ಹೊಕ್ಕಿದೆ. ಟೆಸ್ಟ್ ರಿಪೋರ್ಟನ್ನೇ ತಿದ್ದಿ ಕಾರ್ ಕಂಪನಿಗಳಿಗೆ ಕೊಟ್ಟಿದ್ದಕ್ಕೆ 2017ರ ಜನವರಿಯಲ್ಲಿ ಟಕಾಟಾ ಅಮೆರಿಕದಲ್ಲಿ ತಪ್ಪೊಪ್ಪಿಕೊಳ್ತು, 100 ಕೋಟಿ ಡಾಲರ್ ಕಟ್ಟೋಕೆ ಒಪ್ಕೊಳ್ತು. ಅದನ್ನ ಹಂಚಿದ ರೀತಿ ನೋಡಿದ್ರೆ ಹೊಟ್ಟೆ ಉರಿಯುತ್ತೆ, 85 ಕೋಟಿ ಕಾರ್ ಕಂಪನಿಗಳಿಗೆ, 12.5 ಕೋಟಿ ಗಾಯಗೊಂಡವ್ರು ಮತ್ತು ಸತ್ತವ್ರ ಮನೆಯವ್ರಿಗೆ, 2.5 ಕೋಟಿ ದಂಡ. ಅದೇ ವರ್ಷ ಜೂನಲ್ಲಿ ಟಕಾಟಾ ದಿವಾಳಿ. ಅಮೆರಿಕ ಒಂದ್ರಲ್ಲೇ 19 ಕಾರ್ ಕಂಪನಿ, ಸುಮಾರು 6.7 ಕೋಟಿ ಇನ್‌ಫ್ಲೇಟರ್. ಸಪ್ಲೈಯರ್ ಮುಳುಗಿದ್ಮೇಲೂ ಕಾರಿನ ಮಾಲೀಕರಿಗೆ ಹೊಸ ಏರ್‌ಬ್ಯಾಗ್ ಹಾಕಿಕೊಡ್ಬೇಕಾಗಿದ್ದು ಹೋಂಡಾ, ಟೊಯೋಟಾ, ಬಿಎಂಡಬ್ಲ್ಯು ಇವ್ರೇ, ಅದು ಸರಿ ಕೂಡ, ಕಡಿಮೆ ರೇಟಿಗೆ ಸಿಗ್ತಿತ್ತು ಅಂತ ಅಷ್ಟೂ ಜನ ಒಬ್ರ ಹತ್ರಾನೇ ತಗೊಂಡಿದ್ದಲ್ವಾ. ಗ್ರಾಹಕರ ಹೊಣೆನ ಸಪ್ಲೈಯರ್ ಮೇಲೆ ಬಿಟ್ರೆ ಏನಾಗುತ್ತೆ ಅಂತ ಯಾರಾದ್ರೂ ಕೇಳಿದ್ರೆ ನಾನು ಕೊಡೋ ಉತ್ರ ಟಕಾಟಾ, ಸಪ್ಲೈಯರ್ ಬಾಗ್ಲು ಹಾಕಿದ ದಿನ ನಿಮ್ಮ ಹೊಣೆ ಹೊರೋಕೆ ಯಾರೂ ಇರಲ್ಲ. ಇನ್ನೊಂದು ಏರ್‌ಬ್ಯಾಗ್ ಪಾರ್ಟ್ ಕಂಪನಿ ಎಆರ್‌ಸಿಗೆ 2023ರಲ್ಲಿ ಅಮೆರಿಕ ಸರ್ಕಾರದ ಸಂಸ್ಥೆ 6.7 ಕೋಟಿ ಇನ್‌ಫ್ಲೇಟರ್ ರೀಕಾಲ್ ಮಾಡಿ ಅಂದಾಗ ಅವ್ರು ಮಾಡಲ್ಲ ಅಂದ್ರು, ರೀಕಾಲ್ ಕಾರ್ ಕಂಪನಿ ಕೆಲ್ಸ, ನಮಗೆ ಆದೇಶ ಮಾಡೋ ಅಧಿಕಾರನೇ ನಿಮಗಿಲ್ಲ ಅನ್ನೋದು ಅವ್ರ ವಾದ. ಹೀಗೆ ಎರಡೂ ಕಡೆಯವ್ರು ಬೆರಳು ತೋರಿಸ್ತಾ ಕೂತ್ರೆ ಮಧ್ಯದಲ್ಲಿ ಕೂತಿರೋರು ಡ್ರೈವರ್ ಸೀಟಲ್ಲಿರೋರು.

ಸರಿ, ನನ್ನ ಕಾರಿಗೆ ಬರ್ತೀನಿ. ಪಟ್ಟು ಹಿಡಿದು ಲಿಖಿತ ದೂರು ಕೊಟ್ಟೆ, ವಾರಂಟಿ ಪುಸ್ತಕದಲ್ಲಿ ಸಪ್ಲೈಯರ್ ಒಪ್ಪಿಗೆ ಬೇಕು ಅಂತ ಯಾವ ಪುಟದಲ್ಲಿದೆ ತೋರಿಸಿ ಅಂತ ಕೇಳಿದೆ, ತೋರಿಸೋಕಾಗ್ಲಿಲ್ಲ, ಯಾಕಂದ್ರೆ ಅಂಥದ್ದು ಇಲ್ವೇ ಇಲ್ಲ. ಅದಾದ್ಮೇಲೆ ಕ್ಲೈಮ್ ಪಾಸಾಯ್ತು, ಪಾರ್ಟ್ ಬಂತು, ಟೆಕ್ನಿಷಿಯನ್ ನೀಟಾಗಿ ಹಾಕಿದ್ರು, ಸ್ಟೀರಿಂಗ್ ಸೆಂಟರ್ ಮಾಡಿ ಅಲೈನ್‌ಮೆಂಟ್ ಕೂಡ ನೋಡಿಕೊಟ್ರು, ಒಂದು ಪೈಸೆ ತಗೊಳ್ಳಿಲ್ಲ. ಹೊಸ ಅಸೆಂಬ್ಲಿ ಮೇಲಿನ ಸ್ಟಿಕರ್ ನೋಡಿದೆ, ಕೆಲ್ಸದ ಅಭ್ಯಾಸ. ಹಳೇದ್ರ ಮೇಲಿದ್ದ ಪಾರ್ಟ್ ನಂಬರೇ, ಕೊನೇ ಅಕ್ಷರದವರೆಗೂ ಒಂದೇ. ನಮ್ಮಲ್ಲಿ ಡಿಸೈನ್ ಒಂಚೂರು ಬದಲಾದ್ರೂ ರಿವಿಷನ್ ಅಕ್ಷರ ಬದಲಾಗ್ಲೇಬೇಕು, ಅದಕ್ಕೆ ಹೊಸ ಪಿಪಿಎಪಿ ಆಗ್ಬೇಕು. ಹಾಗಾದ್ರೆ ಎರಡ್ರಲ್ಲಿ ಒಂದು, ದೋಷ ಇರೋ ಅದೇ ಡಿಸೈನ್ ಮತ್ತೆ ಹಾಕಿದಾರೆ, ಇಲ್ಲ ಸರಿ ಮಾಡಿ ನಂಬರ್ ಬದಲಾಯಿಸದೆ ಬಿಟ್ಟಿದಾರೆ. ಬರೀ ಆ ಬ್ಯಾಚಲ್ಲಿ ತೊಂದ್ರೆ ಇತ್ತು ಡಿಸೈನ್ ಸರಿ ಇದೆ ಅನ್ನೋದಾದ್ರೆ ಅದನ್ನಾದ್ರೂ ಹೇಳ್ಬೋದು, ಯಾವ ತಾರೀಖಿಂದ ಯಾವ ತಾರೀಖಿನವರೆಗೆ ಮಾಡಿದ್ದು ಅಂತ, ಪ್ರತಿ ಯೂನಿಟ್ ಮೇಲೂ ಸೀರಿಯಲ್ ಕೋಡ್ ಇದ್ದೇ ಇರುತ್ತೆ, ಹುಡುಕೋದು ಕಷ್ಟ ಅಲ್ಲ. ಬರಹದಲ್ಲಿ ಕೇಳಿದೀನಿ, ನಿಮ್ಮ ಅನಿಸಿಕೆಗೆ ಧನ್ಯವಾದ ಅಂತ ಬಂದಿದೆ, ಉತ್ರ ಬಂದಿಲ್ಲ.

ಆಮೇಲೆ ಗೊತ್ತಾಗಿದ್ದು, ಕಂಪನಿ ಈ ಸ್ಟೀರಿಂಗ್‌ಗೆ ಒಂದು ಸರ್ವಿಸ್ ಕ್ಯಾಂಪೇನ್ ನಡೆಸ್ತಿದೆ, ಅಂದ್ರೆ ಕಾರು ಸರ್ವಿಸಿಗೆ ಬಂದಾಗ ಚೆಕ್ ಮಾಡಿ ಬೇಕಿದ್ರೆ ಬದಲಾಯಿಸೋದು, ಮಾಲೀಕರಿಗೆ ಪತ್ರ ಇಲ್ಲ, ಎಲ್ಲೂ ಪ್ರಕಟಣೆ ಇಲ್ಲ. ಸೀಟ್ ಬಟ್ಟೆ ಕಳಚ್ಕೊಳ್ಳೋದಕ್ಕೆ ಹೀಗೆ ಮಾಡ್ಲಿ, ನಂದೇನೂ ತಕರಾರಿಲ್ಲ. ಸ್ಟೀರಿಂಗ್‌ಗೆ ಹೀಗೆ ಮಾಡೋದು ತಪ್ಪು. ಹೊರಗಡೆ ಸರ್ವಿಸ್ ಮಾಡಿಸೋರು, ವಾರಂಟಿ ಮುಗಿದವ್ರು, ಕಾರು ಎರಡನೇ ಕೈ ಮೂರನೇ ಕೈಗೆ ಹೋಗಿರೋರು, ಇವ್ರ್ಯಾರಿಗೂ ಗೊತ್ತೇ ಆಗಲ್ಲ. ಒಂದು ಸ್ಟಾರ್ ಯಾಕೆ ಅಂತ ಕೇಳೋರಿಗೆ ಇದೇ ಕಾರಣ, ತಡ ಆಗಿದ್ದಕ್ಕಲ್ಲ. ಪಾರ್ಟ್ ಸಿಗೋದು ತಡ ಆಗುತ್ತೆ, ಅದು ನಂಗೆ ಚೆನ್ನಾಗಿ ಗೊತ್ತು, ನಮ್ಮ ಫ್ಯಾಕ್ಟರಿಯಲ್ಲೂ ಆಗಿದೆ.

ಇದೇ ಥರ ಆದವ್ರು ದಯವಿಟ್ಟು ಹೀಗೆ ಮಾಡಿ. ಜಾಬ್ ಕಾರ್ಡಲ್ಲಿ ತೊಂದ್ರೆನ ನಿಮ್ಮ ಮಾತಲ್ಲೇ ಬರೆಸಿ, ಬರೀ ಜನರಲ್ ಚೆಕಪ್ ಅಂತ ಬರೆಯೋಕೆ ಬಿಡ್ಬೇಡಿ, ಸ್ಕ್ಯಾನರ್‌ನ ಕೋಡ್ ಫೋಟೋ ತಗೊಳ್ಳಿ. ಸಪ್ಲೈಯರ್ ಅಂತ ಅವ್ರು ಬಾಯಿ ಬಿಟ್ಟ ತಕ್ಷಣ ಅದನ್ನೇ ಇಮೇಲಲ್ಲಿ ಕಳಿಸಿ ಅಂತ ಕೇಳಿ, ಹೆಚ್ಚಿನವ್ರು ಕಳಿಸಲ್ಲ, ಯಾಕಂದ್ರೆ ಅದು ಕಾನೂನು ಮುಂದೆ ನಿಲ್ಲಲ್ಲ ಅಂತ ಅವ್ರಿಗೂ ಗೊತ್ತು. ಪಾರ್ಟ್ ಬದಲಾಯಿಸಿದ್ಮೇಲೆ ಹಳೇದ್ರದ್ದೂ ಹೊಸದ್ರದ್ದೂ ಸ್ಟಿಕರ್ ಫೋಟೋ ಇಟ್ಕೊಳ್ಳಿ, ನಂಬರ್ ಒಂದೇ ಇದ್ರೆ ಏನು ಬದಲಾಗಿದೆ ಅಂತ ಬರಹದಲ್ಲಿ ಕೇಳಿ. ಸ್ಟೀರಿಂಗ್, ಬ್ರೇಕ್, ಏರ್‌ಬ್ಯಾಗ್, ಫ್ಯೂಯೆಲ್ ಈ ನಾಲ್ಕಕ್ಕೆ ಸಂಬಂಧಪಟ್ಟಿದ್ದಾದ್ರೆ ಡೀಲರಿಗೆ ಹೇಳಿ ಸುಮ್ನಾಗ್ಬೇಡಿ, ವಾಹನ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಇಲಾಖೆಗೂ ದೂರು ಹಾಕಿ, ಒಂದೊಂದೇ ದೂರು ಸೇರೇ ತನಿಖೆ ಶುರುವಾಗೋದು. ಮತ್ತೆ ಕಂಪನಿಯ ರೀಕಾಲ್ ಪುಟದಲ್ಲಿ ಚಾಸಿ ನಂಬರ್ ಹಾಕಿ ಆಗಾಗ ನೋಡ್ತಾ ಇರಿ, ಸೆಕೆಂಡ್ ಹ್ಯಾಂಡ್ ತಗೊಂಡವ್ರು ಇವತ್ತೇ ನೋಡಿ, ಎಷ್ಟೋ ಸಲ ರೀಕಾಲ್ ಪತ್ರ ಇನ್ನೂ ಹಳೇ ಮಾಲೀಕರ ಅಡ್ರೆಸ್‌ಗೇ ಹೋಗ್ತಿರುತ್ತೆ.